ಎಷ್ಟು ಓಡಿದರೂ ಟೈಮ್ ಇಳಿಯುತ್ತಿಲ್ಲವೇ? ಹೊಸ, ನಿಧಾನ ಓಟಗಾರರಿಗೆ ದೋಷ ನಿವಾರಣೆ ಕೈಪಿಡಿ

ನಮ್ಮ ಕಡೆ ತೋಟಕ್ಕೆ ನೀರು ಬರುವುದು ನಿಂತರೆ ಯಾರೂ ಮೊದಲ ದಿನವೇ ಬೋರ್‌ನಿಂದ ಮೋಟರ್ ಎತ್ತಿಸುವುದಿಲ್ಲ. ಕರೆಂಟ್ ಇದೆಯಾ, ಫ್ಯೂಸ್ ಹೋಗಿದೆಯಾ, ಸ್ಟಾರ್ಟರ್ ಹಿಡಿಯುತ್ತಾ, ಪೈಪ್ ಎಲ್ಲಾದರೂ ಒಡೆದಿದೆಯಾ ಎಂದು ನೋಡುತ್ತಾರೆ. ಮೋಟರ್ ಎತ್ತುವುದು ಕೊನೆಗೆ. ಅದಕ್ಕೆ ಆಳು ಬೇಕು, ದುಡ್ಡು ಬೇಕು. ಓಟದ ವಿಷಯಕ್ಕೆ ಬಂದಾಗ ಮಾತ್ರ ನಾವು ಇದನ್ನು ಮರೆಯುತ್ತೇವೆ. ಟೈಮ್ ಇಳಿಯದಿದ್ದರೆ ಸೀದಾ ಐದು ಸಾವಿರದ ಶೂ ತರುತ್ತೇವೆ. ಇಲ್ಲವೇ ದಿನಕ್ಕೆ ಎರಡು ಹೊತ್ತು ಓಡಿ ಕಾಲು ಕೆಡಿಸಿಕೊಳ್ಳುತ್ತೇವೆ.

ನಾನು ವಿಜಯಪುರದಲ್ಲಿ 39ನೇ ವಯಸ್ಸಿಗೆ ಓಡಲು ಶುರು ಮಾಡಿದವನು. ಮೊದಲ 5 ಕಿಲೋಮೀಟರಿಗೆ 44 ನಿಮಿಷ ಹಿಡಿಯಿತು. ಆರು ವರ್ಷದ ನಂತರ ಈಗ 29 ನಿಮಿಷ. ಇದು ದೊಡ್ಡ ಟೈಮ್ ಅಲ್ಲ, ಆದರೆ ಆ 15 ನಿಮಿಷದಲ್ಲಿ ಒಂದೊಂದು ನಿಮಿಷ ಎಲ್ಲಿಂದ ಬಂತು ಎಂದು ನನಗೆ ಗೊತ್ತಿದೆ. ಬೆಳಿಗ್ಗೆ ಅಂಬೇಡ್ಕರ್ ಕ್ರೀಡಾಂಗಣದ ಕಡೆ ಬರುವ ಹುಡುಗ ಹುಡುಗಿಯರು, ನನ್ನ ವಯಸ್ಸಿನ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರು ಹೇಳುವ ತೊಂದರೆಯನ್ನೇ ತಲೆಬರಹ ಮಾಡಿ ಬರೆದಿದ್ದೇನೆ. ಪ್ರತಿಯೊಂದರಲ್ಲೂ ಖರ್ಚಿಲ್ಲದ ತಪಾಸಣೆ ಮೊದಲು, ಡಾಕ್ಟರ್ ಕೊನೆಗೆ. ಒಂದು ವಿಷಯದಲ್ಲಿ ಮಾತ್ರ ಡಾಕ್ಟರೇ ಮೊದಲು. ಅದನ್ನು ಹೇಳಿ ಮುಂದೆ ಹೋಗುತ್ತೇನೆ.

ಇವು ಇದ್ದರೆ ಇವತ್ತು ಓಡಬೇಡಿ

ಓಡುವಾಗ ಎದೆ ಬಿಗಿಯುತ್ತದೆ, ಅಥವಾ ನೋವು ಎಡಗೈಗೆ, ದವಡೆಗೆ ಹರಿಯುತ್ತದೆ. ಓಡುತ್ತಿದ್ದಾಗಲೇ ಕಣ್ಣು ಕತ್ತಲಿಟ್ಟು ಬಿದ್ದಿದ್ದೀರಿ. ಎದೆ ಬಡಿತ ಇದ್ದಕ್ಕಿದ್ದಂತೆ ತಾಳ ತಪ್ಪಿ ಹೊಡೆದುಕೊಳ್ಳುತ್ತದೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ತೀರಿಕೊಂಡಿದ್ದಾರೆ. ಇದರಲ್ಲಿ ಒಂದಿದ್ದರೂ ಹೃದಯದ ತಪಾಸಣೆ ಆಗುವವರೆಗೆ ಓಟ ಬೇಡ. ವಯಸ್ಸು ಇಪ್ಪತ್ತೇ ಇರಲಿ, ಈ ಮಾತು ಬದಲಾಗುವುದಿಲ್ಲ. ಎದೆ ನೋವು ಬಂದು ನಿಂತರೂ ಹೋಗದಿದ್ದರೆ 108ಕ್ಕೆ ಫೋನ್ ಮಾಡಿ. ಬೈಕ್ ಹಿಂದೆ ಕೂರಿಸಿಕೊಂಡು ಮನೆಗೆ ಕರೆದೊಯ್ಯಬೇಡಿ.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ ಇರುವವರು, ತಂಬಾಕು ಚಟ ಇರುವವರು ಶುರು ಮಾಡುವ ಮೊದಲೇ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು.

"ಮೂರು ತಿಂಗಳಾಯಿತು, ಟೈಮ್ ಅಲ್ಲೇ ನಿಂತಿದೆ"

ಮೊದಲು ಅಳತೆ ನೋಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

400 ಮೀಟರ್ ಟ್ರ್ಯಾಕ್ ಎಂದರೆ ತೀರಾ ಒಳಗಿನ ಲೇನ್ ಮಾತ್ರ 400. ಎಂಟನೇ ಲೇನ್‌ನಲ್ಲಿ ಒಂದು ಸುತ್ತು ಸುಮಾರು 453 ಮೀಟರ್ ಆಗುತ್ತದೆ. ಒಳಗೆ ಗದ್ದಲ ಜಾಸ್ತಿ ಎಂದು ಒಬ್ಬ ಹುಡುಗ ಯಾವಾಗಲೂ ಹೊರಗಿನ ಲೇನ್‌ನಲ್ಲೇ ನಾಲ್ಕು ಸುತ್ತು ಓಡಿ "1600 ಮೀಟರ್ ಆಯಿತು" ಎಂದು ಬರೆದುಕೊಳ್ಳುತ್ತಿದ್ದ. ಅವನು ಓಡುತ್ತಿದ್ದದ್ದು 1800 ಮೀಟರಿಗಿಂತ ಜಾಸ್ತಿ. ಅವನಲ್ಲಿ ದೋಷವೇ ಇರಲಿಲ್ಲ.

ಶಾಲೆಯ ಮೈದಾನವಾದರೆ ಸುತ್ತು 200 ಇದೆಯಾ, 250 ಇದೆಯಾ ಎಂದು ಟೇಪ್ ಹಿಡಿದು ಅಳೆಯಿರಿ. ಫೋನಿನ ಆ್ಯಪ್ ಟ್ರ್ಯಾಕ್ ಮೇಲೆ ತಿರುವುಗಳನ್ನು ಕತ್ತರಿಸಿ ತೋರಿಸುವುದುಂಟು, ಅದನ್ನು ಪೂರ್ತಿ ನಂಬಬೇಡಿ. ಹಳ್ಳಿಯವರಾದರೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಸಾಕು. ಆದರೆ ಹಳದಿ ತಲೆಯ ಕಲ್ಲು ಅಂದರೆ ಅದು ರಾಷ್ಟ್ರೀಯ ಹೆದ್ದಾರಿ. ಸೋಲಾಪುರ ರಸ್ತೆಯಂಥ ಕಡೆ ಕತ್ತಲಲ್ಲಿ ಓಡಲೇಬೇಡಿ. ಒಳರಸ್ತೆಯಲ್ಲಿ ಓಡುವಾಗಲೂ ಬಲಬದಿಗೆ, ಎದುರು ಬರುವ ಗಾಡಿ ಕಾಣುವಂತೆ ಓಡಿ. ಬೆಳಕು ಹರಿಯುವ ಮೊದಲು ಬಿಳಿ ಅಂಗಿ ಹಾಕಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಕಾಲದಲ್ಲಿ ಇದು ಇನ್ನೂ ಮುಖ್ಯ. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪವೇ ಇರುವುದಿಲ್ಲ.

ಅಳತೆ ಸರಿ ಇದ್ದರೆ ಹೋಲಿಕೆ ಸರಿ ಇದೆಯಾ ನೋಡಿ. ಜನವರಿಯ ಸಿದ್ಧೇಶ್ವರ ಜಾತ್ರೆ ಹೊತ್ತಿನ ಟೈಮ್ ಜೊತೆ ಏಪ್ರಿಲ್ ಟೈಮ್ ಹೋಲಿಸಬಾರದು. ಒಂದೇ ಜಾಗ, ಒಂದೇ ಹೊತ್ತು, ಹಿಂದಿನ ದಿನ ವಿಶ್ರಾಂತಿ. ಹೀಗೆ ನಾಲ್ಕು ವಾರಕ್ಕೊಮ್ಮೆ ಜೋರಾಗಿ ಓಡಿ ಬರೆದಿಡಿ. ವಾರವಾರ ಪರೀಕ್ಷೆ ಮಾಡಿದರೆ ಬೀಜ ಮೊಳೆತಿದೆಯಾ ಎಂದು ದಿನಾ ಮಣ್ಣು ಕೆದಕಿದಂತೆ.

ಇದೆಲ್ಲ ಸರಿ ಇದ್ದೂ ಟೈಮ್ ಇಳಿಯುತ್ತಿಲ್ಲ ಅಂದರೆ ಕಾರಣ ಬಹುಪಾಲು ಮುಂದಿನ ಭಾಗದಲ್ಲಿದೆ.

"ಎರಡು ನಿಮಿಷಕ್ಕೇ ದಮ್ಮು ಹತ್ತುತ್ತದೆ"

ನಾನು ನೋಡಿದ ಹೊಸಬರಲ್ಲಿ ಹತ್ತಕ್ಕೆ ಎಂಟು ಮಂದಿಯ ದೋಷ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಇಂಡಿ ಕಡೆಯ ಹುಡುಗ ಒಬ್ಬ ಬಂದು ಕೇಳಿದ.

"ಸರ, ದಿನಾ ಓಡತೀನ್ರಿ. ಆದ್ರ ಟೈಮ್ ಇಳೀವಲ್ದು."

"ಓಡುವಾಗ ಬಾಜೂದವನ ಜೋಡಿ ಮಾತಾಡಾಕ ಬರ್ತದೇನು?"

"ಎಲ್ಲಿ ಮಾತ್ರೀ ಸರ, ಜೀವಾ ಬಾಯಿಗೆ ಬಂದಿರತದ."

"ದಿನಾನೂ?"

"ದಿನಾನೂ ರೀ."

ಅಲ್ಲೇ ಇದೆ ಸೋರಿಕೆ. ದಿನಾ ಜೀವ ಬಾಯಿಗೆ ಬರುವಂತೆ ಓಡಿದರೆ ಶ್ರಮವಾಗುತ್ತದೆ, ದಣಿವಾಗುತ್ತದೆ. ಉಸಿರಿನ ತಳಪಾಯ ಮಾತ್ರ ಕಟ್ಟುವುದಿಲ್ಲ. ದೂರದ ಓಟಕ್ಕೆ ಬೇಕಾದ ಶಕ್ತಿ ಮುಖ್ಯವಾಗಿ ಆಮ್ಲಜನಕ ಬಳಸಿ ಹುಟ್ಟುವ ಶಕ್ತಿ. 5 ಕಿಲೋಮೀಟರ್ ಓಟದಲ್ಲಿ ಅದರ ಪಾಲು ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ. ಪೊಲೀಸ್ ನೌಕರಿಯ ಭರ್ತಿಗಾಗಿ ಓಡುವ 1600 ಮೀಟರ್‌ನಲ್ಲೂ ಸುಮಾರು ಐದರಲ್ಲಿ ನಾಲ್ಕು ಪಾಲು ಅದೇ. ಈ ಶಕ್ತಿ ಬೆಳೆಯಬೇಕಾದರೆ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಬೇಕು, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚಬೇಕು, ಶಕ್ತಿ ಮಾಡುವ ಮೈಟೊಕಾಂಡ್ರಿಯಾ ಹೆಚ್ಚಬೇಕು. ಇವೆಲ್ಲ ನಿಧಾನವಾಗಿ, ತುಂಬಾ ಹೊತ್ತು ಓಡಿದಾಗ ಚೆನ್ನಾಗಿ ಬೆಳೆಯುತ್ತವೆ. ಜೋರಾಗಿ ಓಡುವವರಿಗೆ ಆ "ತುಂಬಾ ಹೊತ್ತು" ಸಿಗುವುದೇ ಇಲ್ಲ. ಹತ್ತು ನಿಮಿಷಕ್ಕೆ ಕೂತುಬಿಡುತ್ತಾರೆ, ಮರುದಿನ ಕಾಲು ಏಳುವುದಿಲ್ಲ.

ತಪಾಸಣೆ ಸುಲಭ. ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳಿ. "ಇವತ್ತು ಮನೆಗೆ ಹೋಗಿ ರೊಟ್ಟಿ, ಮಡಕಿಕಾಳಿನ ಪಲ್ಯ ತಿಂದು ಕೆಲಸಕ್ಕೆ ಹೋಗಬೇಕು" ಎಂದು ತಡೆಯಿಲ್ಲದೆ ಹೇಳಲು ಬಂದರೆ ವೇಗ ಸರಿ ಇದೆ. ಎರಡೆರಡು ಪದಕ್ಕೆ ಉಸಿರು ತುಂಡಾದರೆ ವೇಗ ಜಾಸ್ತಿ. ಯಾವ ಗಡಿಯಾರವೂ ಬೇಡ.

"ಅಷ್ಟು ನಿಧಾನ ಓಡಿದರೆ ನಡೆದಂತೆ ಆಗುತ್ತದಲ್ಲ" ಎಂದು ಎಲ್ಲರೂ ಕೇಳುತ್ತಾರೆ. ಹೌದು, ಶುರುವಿನಲ್ಲಿ ಹಾಗೇ ಆಗುತ್ತದೆ. ನನಗೆ ಕಿಲೋಮೀಟರಿಗೆ 10 ನಿಮಿಷ ಹಿಡಿಯುತ್ತಿತ್ತು. ಬೇಗಂ ತಲಾಬ್ ಕಡೆ ವಾಕಿಂಗ್ ಬಂದ ಅಜ್ಜಂದಿರು ನನ್ನನ್ನು ದಾಟಿ ಹೋಗುತ್ತಿದ್ದರು. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ವಾರಕ್ಕೆ ನಾಲ್ಕು ದಿನ. ಎರಡು ವಾರಕ್ಕೆ ಓಟದ ಪಾಲು ಒಂದು ನಿಮಿಷ ಹೆಚ್ಚು. ನಾಲ್ಕನೇ ತಿಂಗಳಿಗೆ ನಿಲ್ಲದೆ 40 ನಿಮಿಷ ಓಡಿದೆ. ಅದೇ ತಿಂಗಳು 5 ಕಿಲೋಮೀಟರ್ 38 ನಿಮಿಷಕ್ಕೆ ಬಂತು. ಆ ನಾಲ್ಕು ತಿಂಗಳಲ್ಲಿ ನಾನು ಒಂದು ದಿನವೂ ಜೋರಾಗಿ ಓಡಿರಲಿಲ್ಲ.

ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಂಡವಾ ಎಂಬ ಹಳ್ಳಿಯ ಅವಿನಾಶ್ ಸಾಬ್ಳೆ 2024ರಲ್ಲಿ ಪ್ಯಾರಿಸ್‌ನಲ್ಲಿ ಅಡ್ಡಗಟ್ಟೆ, ನೀರಿನ ಹೊಂಡ ದಾಟಿ ಓಡುವ 3000 ಮೀಟರ್ ಸ್ಟೀಪಲ್‌ಚೇಸ್ ಅನ್ನು 8 ನಿಮಿಷ 9.91 ಸೆಕೆಂಡಿಗೆ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಅವರು ಸ್ಪರ್ಧೆಗೆ ಇಳಿದದ್ದು ಸೇನೆ ಸೇರಿದ ಮೇಲೆ, 2015ರ ಸುಮಾರಿಗೆ. ಆದರೆ ಬಾಲ್ಯದಲ್ಲಿ ಆರು ಕಿಲೋಮೀಟರ್ ದೂರದ ಶಾಲೆಗೆ ಓಡಿ, ನಡೆದು ಹೋಗಿಬರುತ್ತಿದ್ದರು. ನಮ್ಮ ಹಳ್ಳಿಗಳಲ್ಲೂ ಇಂಥ ಮಕ್ಕಳಿದ್ದಾರೆ. ಹೊಲಕ್ಕೆ ನಡೆದು, ಕುರಿ ಹಿಂದೆ ಓಡಿ ಬೆಳೆದ ಹುಡುಗ ಗ್ರೌಂಡಿಗೆ ಬಂದ ಎರಡೇ ತಿಂಗಳಲ್ಲಿ ಮುಂದೆ ಹೋಗುತ್ತಾನೆ. ಅವನ ತಳಪಾಯ ಮೊದಲೇ ಹಾಕಿತ್ತು. ಆಫೀಸಿನಲ್ಲಿ ಕೂತು, ಬೈಕ್ ಮೇಲೆ ಓಡಾಡಿದ ನಮ್ಮದು ಈಗ ಹಾಕಬೇಕು. ಅವನ ಜೊತೆ ನಿಮ್ಮನ್ನು ಹೋಲಿಸಿಕೊಂಡು ಬೇಜಾರಾಗಬೇಡಿ.

ದೇಹದಿಂದ ದೇಹಕ್ಕೂ ವ್ಯತ್ಯಾಸವಿದೆ. ಹೆರಿಟೇಜ್ ಕುಟುಂಬ ಅಧ್ಯಯನ ಎಂಬ ಹೆಸರಾದ ಸಂಶೋಧನೆಯಲ್ಲಿ ಕೂತು ಕೆಲಸ ಮಾಡುವ ಜನರಿಗೆ 20 ವಾರ ಒಂದೇ ಬಗೆಯ ವ್ಯಾಯಾಮ ಕೊಟ್ಟರು. ಕೆಲವರ ಉಸಿರಿನ ಶಕ್ತಿ ತುಂಬಾ ಏರಿತು, ಕೆಲವರದು ಹೆಚ್ಚುಕಡಿಮೆ ಏರಲೇ ಇಲ್ಲ. ನೀವು ಎರಡನೇ ಗುಂಪಿನವರು ಅನಿಸಿದರೆ ವಾರದ ಒಟ್ಟು ಹೊತ್ತನ್ನು ಮೆಲ್ಲಗೆ ಹೆಚ್ಚಿಸಿ. ವೇಗವನ್ನಲ್ಲ.

ನಿಲ್ಲದೆ ಅರ್ಧ ಗಂಟೆ ಓಡಲು ಬಂದ ಮೇಲೆ ವಾರಕ್ಕೆ ಒಂದು ದಿನ ಮಾತ್ರ ಜೋರು ಸೇರಿಸಿ. ಮೊದಲು, ಓಟದ ಕೊನೆಗೆ 20 ಸೆಕೆಂಡಿನ ಚುರುಕು ಓಟ ನಾಲ್ಕು ಸಲ, ನಡುವೆ ಪೂರ್ತಿ ಸುಧಾರಿಸಿಕೊಂಡು. ಒಂದು ತಿಂಗಳ ನಂತರ 400 ಮೀಟರ್ ಐದಾರು ಸಲ. ಐದನೆಯದೂ ಮೊದಲನೆಯದರಷ್ಟೇ ಟೈಮಿಗೆ ಬರಬೇಕು. ಬರದಿದ್ದರೆ ಮೊದಲನೆಯದು ಜೋರಾಯಿತು ಎಂದೇ ಅರ್ಥ.

ಒಂದು ಎಚ್ಚರಿಕೆ. ಮಾತಾಡುವಷ್ಟು ನಿಧಾನವಾಗಿ ಓಡಿದರೂ ಎದೆಯಲ್ಲಿ ಸಿಳ್ಳೆಯಂಥ ಸದ್ದು, ಓಟ ನಿಂತ ಮೇಲೆ ಕೆಮ್ಮು ಬರುತ್ತಿದ್ದರೆ ಅದು ಶ್ರಮದಿಂದ ಬರುವ ಅಸ್ತಮಾ ಇರಬಹುದು. ಧೂಳಿನ ಮೈದಾನದಲ್ಲಿ, ಚಳಿಗಾಲದ ಒಣ ಗಾಳಿಯಲ್ಲಿ ಇದು ಜಾಸ್ತಿ. ಡಾಕ್ಟರಿಗೆ ತೋರಿಸಿ. ಇದಕ್ಕೆ ಒಳ್ಳೆಯ ಔಷಧಿ ಇದೆ.

"ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ, ಕೊನೆಯ ಸುತ್ತಿನಲ್ಲಿ ಕಾಲೇ ಏಳಲ್ಲ"

ಇದು ಶಕ್ತಿಯ ದೋಷವಲ್ಲ, ಖರ್ಚಿನ ದೋಷ. ಸಂಬಳ ಬಂದ ವಾರವೇ ಪೂರ್ತಿ ಕಳೆದಂತೆ.

ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಗೆ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು (ನಿಮ್ಮ ಅಧಿಸೂಚನೆಯನ್ನು ಒಮ್ಮೆ ನೋಡಿಕೊಳ್ಳಿ). ಅಂದರೆ ಸುತ್ತಿಗೆ 97 ಸೆಕೆಂಡು. ಅದೇ ಇಂಡಿ ಕಡೆಯ ಹುಡುಗನ ನಾಲ್ಕು ಸುತ್ತು ನಾನು ಗಡಿಯಾರ ಹಿಡಿದು ಬರೆದೆ: 78, 92, 110, 118. ಒಟ್ಟು 6 ನಿಮಿಷ 38 ಸೆಕೆಂಡು. ಎಂಟು ಸೆಕೆಂಡಿಗೆ ಫೇಲು. ಮುಂದಿನ ವಾರ, ಬೇರೇನೂ ಬದಲಿಸದೆ, ಮೊದಲ ಸುತ್ತು 95ಕ್ಕಿಂತ ಮೊದಲು ಬಂದರೆ ಹೊರಗೆ ಎಳೆಯುತ್ತೇನೆ ಎಂದು ಹೇಳಿದೆ. 96, 98, 99, 93. ಒಟ್ಟು 6 ನಿಮಿಷ 26. ಅದೇ ಕಾಲು, ಅದೇ ಎದೆ. ಅವನ ಮುಖ ಇನ್ನೂ ಕಣ್ಣ ಮುಂದಿದೆ.

ಇದನ್ನು ಕಲಿಯುವುದು ಹೇಗೆ? ಟ್ರ್ಯಾಕ್‌ನ ಅರ್ಧಕ್ಕೆ, ಅಂದರೆ 200 ಮೀಟರಿಗೆ, ಒಬ್ಬ ಗೆಳೆಯನನ್ನು ನಿಲ್ಲಿಸಿ. ಅವನು ಸೆಕೆಂಡು ಕೂಗಲಿ. 48 ಅಥವಾ 49 ಕೇಳಬೇಕು. 40 ಕೇಳಿದರೆ ಆಗಲೇ ಕೈ ಸಡಿಲ ಬಿಟ್ಟು ಉಸಿರು ಇಳಿಸಿ. ಮೊದಲ ಸುತ್ತಿನಲ್ಲಿ ಎಲ್ಲರೂ ನಿಮ್ಮನ್ನು ದಾಟಿ ಹೋದಾಗ ಮನಸ್ಸು ತಡೆಯುವುದಿಲ್ಲ. ಅದನ್ನು ತಡೆಯುವುದಕ್ಕೂ ಅಭ್ಯಾಸ ಬೇಕು, ಅಲ್ವಾ? ಹಾಗಾಗಿ ಇದನ್ನು ಒಬ್ಬರೇ ಕಲಿಯಬೇಡಿ, ಗುಂಪಿನಲ್ಲೇ ಕಲಿಯಿರಿ.

ಸಮನಾಗಿ ಓಡಿದರೂ ಟೈಮ್ ಬರದಿದ್ದರೆ ಆಗ ಹಿಂದಿನ ಭಾಗಕ್ಕೆ ಹೋಗಿ, ತಳಪಾಯ ಕಟ್ಟಿ. ಅದಕ್ಕೆ ತಿಂಗಳುಗಳು ಬೇಕು. ಭರ್ತಿಯ ದೈಹಿಕ ಪರೀಕ್ಷೆಗೆ 15 ದಿನ ಇದೆ ಎನ್ನುವಾಗ ಬಂದರೆ ಸುತ್ತಿನ ಲೆಕ್ಕ ಬಿಟ್ಟು ನಾನು ಕೊಡಬಹುದಾದದ್ದು ಏನೂ ಇಲ್ಲ.

ಮತ್ತು ದಯವಿಟ್ಟು, ಭರ್ತಿಯ ದಿನ ಯಾರೋ ಕೊಟ್ಟ ಇಂಜೆಕ್ಷನ್ ತೆಗೆದುಕೊಳ್ಳಬೇಡಿ. ನೋವಿನ ಗುಳಿಗೆ ನುಂಗಿ ಬಿಸಿಲಲ್ಲಿ ಓಡಬೇಡಿ. ಮೈಯಲ್ಲಿ ನೀರು ಕಡಿಮೆ ಇದ್ದಾಗ ಆ ಗುಳಿಗೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಒಂದು ನೌಕರಿಗಾಗಿ ಮೂತ್ರಪಿಂಡ ಕಳೆದುಕೊಂಡರೆ ಆ ನೌಕರಿ ಮಾಡುವವರು ಯಾರು?

"ಹೋಳಿ ಹುಣ್ಣಿಮೆ ಆದ ಮೇಲೆ ಓಟವೇ ಕೆಟ್ಟಿತು"

ಕೆಟ್ಟಿಲ್ಲ. ಬಿಸಿಲು ಬಂದಿದೆ. ಮೈ ತಂಪು ಮಾಡಲು ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕು, ಕಾಲಿಗೂ ಕಳಿಸಬೇಕು. ಹಾಗಾಗಿ ಅದೇ ವೇಗಕ್ಕೆ ಬಡಿತ ಏರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ಹಗಲು 40 ಡಿಗ್ರಿ ಮುಟ್ಟುತ್ತದೆ. ಬೆಳಗಾವಿಯ ಗೆಳೆಯನ ಟೈಮ್ ನೋಡಿ ಕೊರಗಬೇಡಿ. ಅದು ಸುಮಾರು 750 ಮೀಟರ್ ಎತ್ತರದ, ಪಶ್ಚಿಮ ಘಟ್ಟದ ಮಗ್ಗುಲಿನ ಊರು. ಅಲ್ಲಿಯ ಬೆಳಗು ಬೇರೆ, ನಮ್ಮದು ಬೇರೆ.

ಮೊದಲ ಉಪಾಯ, ಐದೂವರೆಗೇ ಮುಗಿಯುವಂತೆ ಹೊರಡಿ. ಎರಡನೆಯದು, ಗಡಿಯಾರ ಮನೆಯಲ್ಲಿಟ್ಟು ಮಾತಾಡುವ ವೇಗವನ್ನೇ ಹಿಡಿಯಿರಿ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ದಿನಗಳಲ್ಲಿ ದೂರ ಕಡಿಮೆ ಮಾಡಿ. ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಕಡಿಮೆ ಆಗಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ. 60 ಕಿಲೋ ತೂಕದವರು 1.2 ಕಿಲೋಗಿಂತ ಜಾಸ್ತಿ ಕಳೆದುಕೊಂಡರೆ ಓಟ ಕುಗ್ಗುವುದು ಸಹಜ. ಉಪ್ಪು ಹಾಕಿದ ಮಜ್ಜಿಗೆ ನಮ್ಮ ಮನೆಯಲ್ಲೇ ಇದೆ. ಓಆರ್‌ಎಸ್ ಪುಡಿಯಾದರೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಎರಡು ಮೂರು ಗಂಟೆಯ ಓಟದಲ್ಲಿ ಬಾಯಾರಿಕೆ ಇಲ್ಲದೆ ಬರೀ ನೀರನ್ನು ಲೀಟರುಗಟ್ಟಲೆ ಕುಡಿಯುವುದೂ ಅಪಾಯ, ರಕ್ತದ ಉಪ್ಪಿನಂಶ ಇಳಿದುಬಿಡುತ್ತದೆ.

ಯಾವಾಗ ನಿಲ್ಲಬೇಕು? ತಲೆ ಸಿಡಿತ, ವಾಕರಿಕೆ, ಬಿಸಿಲಲ್ಲೂ ಚಳಿ ಬಂದಂತೆ ಮೈ ಜುಮ್ಮೆನ್ನುವುದು ಶುರುವಾದರೆ ಅಲ್ಲೇ ನಿಂತು ನೆರಳಿಗೆ ಬನ್ನಿ. ಜೊತೆಗಾರ ಅಸಂಬದ್ಧ ಮಾತಾಡುತ್ತಿದ್ದರೆ, ತೂರಾಡುತ್ತಿದ್ದರೆ ಅದು ಉಷ್ಣಾಘಾತ ಎಂದೇ ತಿಳಿಯಿರಿ. 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಕಾಯದೆ ಮೈ ತುಂಬಾ ನೀರು ಸುರಿಯಿರಿ, ಗಾಳಿ ಹಾಕಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಓಟದ ನಂತರ ಮೂತ್ರ ಕಡು ಕಂದು, ಕೋಲಾ ಬಣ್ಣಕ್ಕೆ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿರುವ ಗುರುತು ಅದು.

"ಮೊಣಕಾಲಿನ ಕೆಳಗಿನ ಎಲುಬು ನೋಯುತ್ತದೆ"

ಉಸಿರು ಬೇಗ ಸುಧಾರಿಸುತ್ತದೆ, ವಾರಗಳು ಸಾಕು. ಎಲುಬು ಗಟ್ಟಿಯಾಗಲು ತಿಂಗಳುಗಳು ಬೇಕು. ಎರಡನೇ ತಿಂಗಳಿಗೆ "ಈಗ ಓಡಲು ಬರುತ್ತಿದೆ" ಎಂದು ಉಮೇದಿನಿಂದ ದೂರ ಹೆಚ್ಚಿಸುವವರೇ ಇಲ್ಲಿ ಸಿಕ್ಕಿಬೀಳುತ್ತಾರೆ. ನಾನೂ ಬಿದ್ದೆ.

ತಪಾಸಣೆಗೆ ನಿಮ್ಮ ತೋರುಬೆರಳು ಸಾಕು. ಎಲುಬಿನ ಒಳ ಅಂಚನ್ನು ಮೇಲಿನಿಂದ ಕೆಳಗೆ ಒತ್ತುತ್ತಾ ಬನ್ನಿ. ಒಂದು ಗೇಣಿನಷ್ಟು ಉದ್ದಕ್ಕೂ ನೋವು, ಓಟ ಶುರುವಾದಾಗ ಜಾಸ್ತಿ, ಮೈ ಬಿಸಿಯಾದ ಮೇಲೆ ಕಡಿಮೆ. ಹೀಗಿದ್ದರೆ ಶಿನ್ ಸ್ಪ್ಲಿಂಟ್ಸ್ (ಆ ಎಲುಬಿಗೆ ಒತ್ತಡ ಜಾಸ್ತಿಯಾಗಿ ಬರುವ ನೋವು) ಇರುವ ಸಾಧ್ಯತೆ ಜಾಸ್ತಿ. ದೂರವನ್ನು ಅರ್ಧಕ್ಕೆ ಇಳಿಸಿ. ಡಾಂಬರು, ಕಾಂಕ್ರೀಟು ಬಿಟ್ಟು ಮಣ್ಣಿನ ದಾರಿಗೆ ಬನ್ನಿ. ನಮ್ಮ ಎರೆ ಹೊಲದ ದಾರಿ ಒಣಗಿದಾಗ ಬಿರುಕು, ಮಳೆ ಬಂದಾಗ ಜಿಗುಟು. ಹಾಗಾಗಿ ಗರಸಿನ ದಾರಿ ಒಳ್ಳೆಯದು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, 15ರಂತೆ ಮೂರು ಸಲ, ದಿನ ಬಿಟ್ಟು ದಿನ ಮಾಡಿ.

ನೋವು ಒಂದೇ ಬೆರಳಿನಷ್ಟು ಜಾಗದಲ್ಲಿದ್ದರೆ, ಓಡಿದಷ್ಟೂ ಏರಿದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಚುಚ್ಚಿದಂತಾದರೆ, ಓಟ ಇವತ್ತೇ ನಿಲ್ಲಿಸಿ. ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ನನಗೆ ಹೀಗಾದಾಗ ಮೊದಲ ವಾರದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ಏನೂ ಇಲ್ಲ" ಎಂದುಕೊಂಡು ಮತ್ತೆ ಓಡಿದೆ. ಮೂರು ತಿಂಗಳು ಮನೆಯಲ್ಲಿ ಕೂತೆ. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಗೆ ಕಾಣದೇ ಇರುವುದುಂಟು ಎಂದು ಆಮೇಲೆ ಗೊತ್ತಾಯಿತು. ಎಲುಬಿನ ಡಾಕ್ಟರಿಗೆ "ನಾನು ಓಡುತ್ತೇನೆ, ವಾರಕ್ಕೆ ಇಷ್ಟು ಕಿಲೋಮೀಟರ್" ಎಂದು ಬಾಯಿಬಿಟ್ಟು ಹೇಳಿ. ಅವರಿಗೆ ಅನುಮಾನ ಬಂದರೆ ಎಂಆರ್‌ಐ ಹೇಳುತ್ತಾರೆ. ತೊಡೆಸಂದಿಯ ಆಳದಲ್ಲಿ ನೋವಿದ್ದರೆ ಇನ್ನೂ ಬೇಗ ಹೋಗಿ. ಅಲ್ಲಿಯ ಬಿರುಕು ಪೂರ್ತಿ ಮುರಿದರೆ ಆಪರೇಷನ್ನೇ ಗತಿ.

ಬೆಳಿಗ್ಗೆ ಎದ್ದು ಮೊದಲ ನಾಲ್ಕು ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುತ್ತದೆ ಅಂದರೆ ಅದು ಪಾದದ ತಳದ ಪಟ್ಟಿಯ ಊತ. ತಣ್ಣನೆಯ ಬಾಟಲಿ ಮೇಲೆ ಪಾದ ಉರುಳಿಸಿ, ಬರಿಗಾಲಲ್ಲಿ ಕಲ್ಲಿನ ನೆಲದ ಮೇಲೆ ಓಡಾಡುವುದು ಬಿಡಿ. ಹೋಗಲು ತಿಂಗಳುಗಳು ಬೇಕು, ಆದರೆ ಹೋಗುತ್ತದೆ.

ಶೂ ವಿಚಾರ ಕೊನೆಗೆ ಹೇಳುತ್ತಿದ್ದೇನೆ, ಏಕೆಂದರೆ ಅದು ಕೊನೆಗೇ ಬರಬೇಕು. ಬೆರಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ, ಒತ್ತಿದರೆ ಇನ್ನೂ ಮೆತ್ತಗಿರುವ ಅಟ್ಟೆ, ಅಷ್ಟು ಸಾಕು. ದುಬಾರಿ ಶೂ ಹೊಸಬರ ಟೈಮ್ ಇಳಿಸಿದ್ದನ್ನು ನಾನು ಕಂಡಿಲ್ಲ.

"ಪಕ್ಕೆ ಹಿಡಿಯುತ್ತದೆ"

ಓಡುವ ಎರಡು ಗಂಟೆ ಮೊದಲು ಹೊಟ್ಟೆ ತುಂಬಾ ತಿನ್ನಬೇಡಿ, ಸಿಹಿ ಪಾನೀಯ ಬೇಡ. ಹಿಡಿದಾಗ ನಿಧಾನ ಮಾಡಿ, ನೋಯುವ ಜಾಗ ಒತ್ತಿ, ಮುಂದೆ ಬಾಗಿ ಉದ್ದಕ್ಕೆ ಉಸಿರು ಬಿಡಿ. ಅಭ್ಯಾಸವಾದಂತೆ ಇದು ತಾನಾಗಿ ಕಡಿಮೆಯಾಗುತ್ತದೆ.

"ಮೊದಲಿಗಿಂತ ನಿಧಾನವಾಗುತ್ತಿದ್ದೇನೆ, ಮೆಟ್ಟಿಲು ಹತ್ತಿದರೂ ಸುಸ್ತು"

ಟೈಮ್ ನಿಂತಿರುವುದು ಬೇರೆ, ಹಿಂದಕ್ಕೆ ಹೋಗುವುದು ಬೇರೆ. ಇದನ್ನು ಹಗುರವಾಗಿ ಬಿಡಬೇಡಿ.

ನಿದ್ದೆಯಿಂದ ಶುರು ಮಾಡಿ. ರಾತ್ರಿ ಹನ್ನೊಂದೂವರೆವರೆಗೆ ಮೊಬೈಲ್, ನಾಲ್ಕೂವರೆಗೆ ಅಲಾರಾಂ. ಐದು ಗಂಟೆ ನಿದ್ದೆಯಲ್ಲಿ ಯಾವ ತರಬೇತಿಯೂ ಮೈಗೆ ಹತ್ತುವುದಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ನಿಮ್ಮ ಎಂದಿನ ಎಣಿಕೆಗಿಂತ ಏಳೆಂಟು ಜಾಸ್ತಿ ಕೆಲ ದಿನ ಸತತ ಬಂದರೆ ಮೈ ಸುಧಾರಿಸಿಕೊಂಡಿಲ್ಲ, ಇಲ್ಲವೇ ಜ್ವರ ಬರುತ್ತಿದೆ. ಒಂದು ವಾರ ಪೂರ್ತಿ ಬಿಡಿ. ಒಂದು ವಾರ ಬಿಟ್ಟರೆ ಕಟ್ಟಿದ್ದು ಕರಗಿಹೋಗುವುದಿಲ್ಲ.

ಆಮೇಲೆ ತಟ್ಟೆ ನೋಡಿ. ಭರ್ತಿಗೆ, ತೂಕ ಇಳಿಸಲು ಎಂದು ಒಂದೇ ಹೊತ್ತು ಉಣ್ಣುವವರನ್ನು ನೋಡಿದ್ದೇನೆ. ಓಡುವವರು ಉಣ್ಣಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ತಿನ್ನುವವರಾದರೆ ಮೊಟ್ಟೆ. ಪುಡಿಯ ಡಬ್ಬಿಗೆ ದುಡ್ಡು ಹಾಕುವ ಅಗತ್ಯ ನನಗೆ ಕಂಡಿಲ್ಲ. ಹೆಣ್ಣುಮಕ್ಕಳಲ್ಲಿ ಮೂರು ತಿಂಗಳು ಮುಟ್ಟು ನಿಂತರೆ ಅದು "ಓಟಕ್ಕೆ ಹಾಗಾಗುತ್ತದೆ" ಎಂದು ಬಿಡುವ ಮಾತಲ್ಲ. ಊಟ ಸಾಲುತ್ತಿಲ್ಲ ಎಂದು ದೇಹ ಹೇಳುತ್ತಿರಬಹುದು, ಹಾಗೇ ಬಿಟ್ಟರೆ ಎಲುಬು ಸವೆಯುತ್ತದೆ. ಡಾಕ್ಟರ ಹತ್ತಿರ ಹೋಗಲು ನಾಚಿಕೊಳ್ಳಬೇಡಿ.

ನಿದ್ದೆ, ಊಟ ಸರಿ ಇದ್ದೂ ಎರಡು ಮೂರು ವಾರ ಸುಸ್ತು ಹೋಗದಿದ್ದರೆ ರಕ್ತ ತಪಾಸಣೆ. ಬಸವನಬಾಗೇವಾಡಿ ಕಡೆಯ ಹುಡುಗಿ ಒಬ್ಬಳು ಆರು ತಿಂಗಳು ನಿಯತ್ತಾಗಿ ಓಡಿದಳು. ಟೈಮ್ ಇಳಿಯುವ ಬದಲು ಏರಿತು. ಎಲ್ಲರೂ "ಮನಸ್ಸು ಮಾಡಿ ಓಡು" ಎಂದರು. ನಾನೂ ಒಂದು ಸಲ ಅಂದಿದ್ದೆ, ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಕೊನೆಗೆ ನೋಡಿಸಿದರೆ ಹಿಮೋಗ್ಲೋಬಿನ್ 8.6 ಇತ್ತು. ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಸ್ನಾಯುಗಳಿಗೆ ಆಮ್ಲಜನಕ ಹೊರುವ ಗಾಡಿಗಳೇ ಕಡಿಮೆ ಇದ್ದಾಗ ಮನಸ್ಸು ಏನು ಮಾಡೀತು? ಡಾಕ್ಟರ್ ಹೇಳಿದಂತೆ ಗುಳಿಗೆ ತೆಗೆದುಕೊಂಡಳು. ನಾಲ್ಕು ತಿಂಗಳಿಗೆ ಅವಳ ಓಟವೇ ಬೇರೆಯಾಯಿತು.

ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿಸಿ. ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಮೊದಲು ಖಾಲಿಯಾಗುವುದು ಅದೇ. ಥೈರಾಯ್ಡ್, ಸಕ್ಕರೆ, ಬಿ12, ವಿಟಮಿನ್ ಡಿ ಬೇಕೇ ಎಂದು ಡಾಕ್ಟರ್ ಹೇಳುತ್ತಾರೆ. ಕಬ್ಬಿಣದ ಗುಳಿಗೆಯನ್ನು ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ, ಜಾಸ್ತಿಯಾದರೂ ಕೆಡುಕು. ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ. ಊಟವಾದ ಕೂಡಲೇ ಚಹಾ ಕುಡಿಯುವುದನ್ನು ಬಿಡಿ, ಒಂದು ಗಂಟೆ ತಡೆಯಿರಿ. ಚಹಾ ಕುಡಿದರೆ ಕಬ್ಬಿಣ ಮೈಗೆ ಸೇರುವುದು ಕಡಿಮೆಯಾಗುತ್ತದೆ. ಕಾಳಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಸೇರುವುದು ಹೆಚ್ಚುತ್ತದೆ.

"ರೇಸ್‌ಗೆ ಹೆಸರು ಕೊಟ್ಟಿದ್ದೇನೆ, ಕೊನೆಯವನಾಗುತ್ತೇನೆ ಎಂದು ಭಯ"

ನಮ್ಮೂರಿನ ವೃಕ್ಷಥಾನ್ ಓಟದಲ್ಲಿ 5, 10, 21 ಕಿಲೋಮೀಟರ್ ಇರುತ್ತವೆ. ಹೊಸಬರು 5ಕ್ಕೇ ಹೆಸರು ಕೊಡಿ. ಸಾಲಿನಲ್ಲಿ ಹಿಂದೆ ನಿಲ್ಲಿ, ಮುಂದೆ ನಿಂತರೆ ಜೋರಿನವರ ಅಲೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಮೊದಲ ಕಿಲೋಮೀಟರ್ ನಿಮ್ಮ ಗುರಿಗಿಂತ 15 ಸೆಕೆಂಡು ನಿಧಾನ, ನಡುವಿನ ಮೂರು ಸಮನಾಗಿ, ಕೊನೆಯದು ಉಳಿದಷ್ಟು. ಹಿಂದಿನ ರಾತ್ರಿ ಹೊಸದೇನೂ ತಿನ್ನಬೇಡಿ, ಹೊಸ ಶೂ ಹಾಕಬೇಡಿ.

ನನ್ನ ಮೊದಲ ರೇಸ್‌ನಲ್ಲಿ ನಾನು ಕೊನೆಯಿಂದ ಮೂರನೆಯವನು. ಗೆರೆ ದಾಟಿದಾಗ ಬಾಳೆಹಣ್ಣು ಹಂಚುವ ಟೇಬಲ್ ಎತ್ತುತ್ತಿದ್ದರು. ನನ್ನ ಹಿಂದೆ ಇನ್ನಿಬ್ಬರು ಬರುತ್ತಿದ್ದಾರೆ ಎಂದು ಹೇಳಿ ಮೂರು ಹಣ್ಣು ಇಸಿದುಕೊಂಡೆ. ಗೆರೆಯ ಹತ್ತಿರವೇ ನಿಂತು ಅವರಿಗೆ ಕೊಟ್ಟೆ. ಅವರಲ್ಲಿ ಒಬ್ಬರು ಈಗಲೂ ಭಾನುವಾರ ನನ್ನ ಜೊತೆ ಓಡುತ್ತಾರೆ. ಈಗ ಅವರು ನನಗಿಂತ ಎರಡು ನಿಮಿಷ ಮುಂದಿದ್ದಾರೆ.